ಐನೂರು ಕಿಲೋಮೀಟರ್ ಗಾಳಿಗೆ ಎದೆಯೊಡ್ಡಿ

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, "ಅಲ್ರೀ, ಅರವತ್ತು ದಾಟೇತಿ, ಇನ್ನೂ ಮೋಟಾರ್ ಸೈಕಲ್ ಮ್ಯಾಲೆ ಗದಗಿಗೆ ಹೋಗ್ತೀರಂತ. ಸೊಂಟ ನಿಮ್ಮದ ಐತೋ, ಯಾರದರ ಕಡಾ ತಂದೀರೋ?" ಎಂದು ಕೇಳಿದರು. ಸುತ್ತಲಿದ್ದವರೆಲ್ಲ ನಕ್ಕರು. ಎದುರು ಸಾಲಿನಲ್ಲಿದ್ದ ಇಬ್ಬರು ತರುಣರು ಮಾತ್ರ ನಗಲಿಲ್ಲ. ಕೈ ತೊಳೆಯುವಾಗ ಹಿಂದೆಯೇ ಬಂದು, "ಅಂಕಲ್, ಬೈಕಿಗೆ ಏನೇನು ಮಾಡಿಸಿದ್ದೀರಿ, ಸ್ವಲ್ಪ ಹೇಳ್ತೀರಾ?" ಎಂದು ವಿಚಾರಿಸಿದರು. ಅವರಿಗೆ ನಿಂತಲ್ಲೇ ಹೇಳಿ ಮುಗಿಸಲಾಗದ್ದನ್ನು ಸಂಪಾದಕರ ಒತ್ತಾಯಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಬೈಕಿನ ಗೊಡವೆ ಇಲ್ಲದ ಓದುಗರು ನಡುವಿನ ಪಾನಾ-ನಟ್ಟುಗಳ ಮಾತನ್ನು ಹಾರಿಸಿಕೊಂಡು ಹೋಗಬಹುದು. ಆದರೆ ನಿಮ್ಮ ಮನೆಯ ಮಗನೋ ಅಳಿಯನೋ ಹೀಗೆ ಊರಿಗೆ ಹೋಗುವವನಾಗಿದ್ದರೆ ದಯವಿಟ್ಟು ಹಾರಿಸಬೇಡಿ.

ನನ್ನ ಊರು ಗದಗಿನಿಂದ ಮುಂಡರಗಿಯ ದಾರಿಯಲ್ಲಿ, ಡಂಬಳದ ಆಚೆ, ಕಪ್ಪತಗುಡ್ಡದ ಬುಡದಲ್ಲಿದೆ. ಪುಣೆಯ ನಮ್ಮ ಮನೆಯ ಬಾಗಿಲಿನಿಂದ ಅಲ್ಲಿಯ ಜಗಲಿಗೆ ಐನೂರು ಕಿಲೋಮೀಟರಿಗೆ ತುಸು ಹೆಚ್ಚು. ರೈಲಿದೆ, ರಾತ್ರಿ ಬಸ್ಸಿದೆ. ಆದರೆ ಇಳಿದ ಮೇಲೆ ಮತ್ತೆ ಬಸ್ಸು ಬದಲಿಸಿ, ಕ್ರಾಸಿನಲ್ಲಿ ಇಳಿದು ಚೀಲ ಹೊತ್ತು ನಡೆಯಬೇಕು. ಅದಕ್ಕೇ ಮೋಟಾರ್ ಸೈಕಲ್ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಇದೊಂದು ನೆಪ. ನನಗೆ ಆ ದಾರಿಯನ್ನು ಗಾಜಿನ ಹಿಂದೆ ಕುಳಿತು ನೋಡಲು ಮನಸ್ಸಿಲ್ಲ, ಅಷ್ಟೆ.

ಈಗಿನವರು ನನ್ನದರಂಥ ಬೈಕಿಗೆ 'ನೇಕೆಡ್' ಎನ್ನುತ್ತಾರೆ. ಹೆಸರು ಕೇಳಿ ನನ್ನ ಮನೆಯವರು ಮೊದಲ ಸಲ ಹೌಹಾರಿದ್ದರು! ಅರ್ಥ ಇಷ್ಟೇ: ಮುಂದೆ ಗಾಳಿ ತಡೆಯುವ ಕವಚವಿಲ್ಲ, ಇಂಜಿನ್ನು, ಚೌಕಟ್ಟು ಎಲ್ಲ ಬಯಲಿಗೆ ಕಾಣುತ್ತವೆ, ಸವಾರನ ಎದೆಯೇ ಗಾಳಿಗೆ ಗೋಡೆ. ನಮ್ಮ ಕಾಲದಲ್ಲಿ ಇದಕ್ಕೆ ಬೇರೆ ಹೆಸರೇ ಇರಲಿಲ್ಲ, ಏಕೆಂದರೆ ಎಲ್ಲವೂ ಹೀಗೆಯೇ ಇದ್ದವು. ನಮ್ಮ ಕಾಕಾನ ಹತ್ತಿರ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇತ್ತು. 1961ರಲ್ಲಿ ಜಾವಾ ಎಂದು ಶುರುವಾಗಿ, ಆಮೇಲೆ ಯೆಜ್ಡಿ ಎಂಬ ಹೆಸರು ಪಡೆದು, 1996ರವರೆಗೂ ಆ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಚಿದರೆ ಅದೇ ಗೇರಿನ ಕಡ್ಡಿಯಾಗುತ್ತಿದ್ದುದನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರಬೇಕು. ಕಾಕಾ ಅದರ ಮೇಲೆ ಸಂತೆಗೆ ಹೋಗುತ್ತಿದ್ದ, ಹೆಚ್ಚೆಂದರೆ ಹುಬ್ಬಳ್ಳಿಗೆ. ಐನೂರು ಕಿಲೋಮೀಟರ್ ಒಂದೇ ಸಮನೆ ಹೋಗುವ ಪ್ರಸಂಗ ಅವನಿಗೆ ಬರಲಿಲ್ಲ. ಬಂದಿದ್ದರೆ ನನಗಾದದ್ದೇ ಅವನಿಗೂ ಆಗುತ್ತಿತ್ತು.

2017ರ ಸಂಕ್ರಾಂತಿಗೆ ನಾನೂ ನಮ್ಮ ಮನೆಯವರೂ ಹೊಸ ಬೈಕಿನ ಮೇಲೆ ಊರಿಗೆ ಹೊರಟೆವು. ಒಂದೇ ಸಿಲಿಂಡರಿನ, ಮುನ್ನೂರೈವತ್ತು ಸಿ.ಸಿ. ಗಾಡಿ, ಕಂಪನಿಯ ಹೆಸರು ಬರೆದರೆ ಜಾಹೀರಾತಾದೀತು, ಬೇಡ. ಅಂಗಡಿಯಿಂದ ಬಂದಂತೆಯೇ ಇತ್ತು, ಒಂದು ನಟ್ಟನ್ನೂ ಅಲುಗಿಸಿರಲಿಲ್ಲ. ನಾಲ್ಕು ಪಥದ ರಸ್ತೆ ಸಿಕ್ಕಿದ್ದೇ ತಡ ತೊಂಬತ್ತರಲ್ಲಿ ಬಿಟ್ಟೆ. ಕರಾಡ ಬರುವ ಹೊತ್ತಿಗೆ ಭುಜ ಬಿಗಿದಿತ್ತು, ಕೊಲ್ಹಾಪುರದಲ್ಲಿ ಕೈಬೆರಳಿಗೆ ಜೋಮು. ಬೆಳಗಾವಿ ದಾಟಿದ ಮೇಲೆ ಜೋಮೂ ಹೋಗಿ ಬೆರಳು ನನ್ನವೇ ಅಲ್ಲವೆನ್ನುವ ಹಾಗೆ ಮರಗಟ್ಟಿದವು. ಸಂಜೆ ಜಗಲಿಯ ಮುಂದೆ ನಿಲ್ಲಿಸಿ ಹೆಲ್ಮೆಟ್ಟಿನ ಬಕ್ಕಲ್ ಬಿಚ್ಚಲು ಹೋದರೆ ಬರಲಿಲ್ಲ. ಎರಡೂ ಕೈಯಿಂದ ತಡಕಾಡುತ್ತಿದ್ದೆ. ಅವ್ವ ಮೆಟ್ಟಿಲಿಳಿದು ಬಂದು, ಸಣ್ಣ ಹುಡುಗನಿಗೆ ಗುಂಡಿ ಬಿಚ್ಚುವಂತೆ ಬಿಚ್ಚಿದಳು. "ಯಾಕೋ ತಮ್ಮಾ, ಕೈ ಹಿಂಗ್ಯಾಕ ಆಗ್ಯಾವ?" ಎಂದಳು. ಚಳಿ ಎಂದು ಸುಳ್ಳು ಹೇಳಿದೆ.

ಅಷ್ಟಕ್ಕೇ ಎಚ್ಚರಗೊಳ್ಳಬೇಕಿತ್ತು. ಗೊಳ್ಳಲಿಲ್ಲ. ಮೂರನೆಯ ದಿನ ತಿರುಗಿ ಹೊರಟೆವು. ಸಂಕೇಶ್ವರ ದಾಟಿ ನಿಪ್ಪಾಣಿಗೆ ಇಳಿಯುವ ತವಂದಿ ಘಾಟು ನಿಮಗೆ ಗೊತ್ತಿರಬಹುದು. ಜನವರಿಯೆಂದರೆ ಆ ಭಾಗದಲ್ಲಿ ಕಬ್ಬಿನ ಸುಗ್ಗಿ; ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ ಕಟ್ಟಿಕೊಂಡು, ಹಿಂದೆ ದೀಪವಿಲ್ಲ ಏನಿಲ್ಲ, ಆನೆ ನಡೆದಂತೆ ನಡೆಯುತ್ತವೆ. ತಿರುವಿನಲ್ಲಿ ಅಂಥದೊಂದು ಎದುರಾಯಿತು. ಮುಂದಿನ ಬ್ರೇಕು ಹಿಡಿದೆ ಎಂದುಕೊಂಡೆ. ಆದರೆ ಬೆರಳು ಲಿವರನ್ನು ಮುಟ್ಟಿದೆಯೋ ಇಲ್ಲವೋ, ಮುಟ್ಟಿದರೂ ಎಷ್ಟು ಒತ್ತಿದೆಯೋ ನನಗೆ ತಿಳಿಯಲೇ ಇಲ್ಲ. ಕಾಲಿನ ಬ್ರೇಕನ್ನು ತುಳಿದೆ, ಹಿಂದಿನ ಗಾಲಿ ಜಾರಿತು, ಹೇಗೋ ನಿಂತಿತು. ಕಬ್ಬಿನ ಸೋಗೆ ನನ್ನ ಹೆಲ್ಮೆಟ್ಟಿಗೆ ತಾಕುತ್ತಿತ್ತು. ಬೈಕನ್ನು ನಿಲ್ಲಿಸುವ ಶಕ್ತಿಯಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದು. ಅದನ್ನು ಹಿಡಿಯುವ ಕೈಗೇ ಸ್ಪರ್ಶವಿಲ್ಲದಿದ್ದರೆ ಉಳಿದದ್ದೇನು?

ಮನೆಯವರು ಕೆಳಗಿಳಿದರು. ಬೈಯಲಿಲ್ಲ, ಅಳಲಿಲ್ಲ. "ಇನ್ನ ಮುಂದ ನಾ ಬಸ್ಸಿನ್ಯಾಗ ಬರ್ತೀನ್ರೀ. ನಿಮ್ಮ ಹಿಂದ ಕುಂಡ್ರೂದು ಸಾಕು," ಎಂದರು. ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ನಿಜವಾಗಿಯೂ ಪುಣೆಯ ಬಸ್ಸು ಹತ್ತಿದರು. ಖಾಲಿ ಹಿಂದಿನ ಸೀಟು ಹೊತ್ತು ಮುನ್ನೂರು ಕಿಲೋಮೀಟರ್ ಬಂದ ಆ ದಾರಿಯನ್ನು ವರ್ಣಿಸುವುದಿಲ್ಲ.

ಮನೆಗೆ ಬಂದವನು ಗಾಡಿ ಮಾರುವ ಯೋಚನೆಯನ್ನೂ ಮಾಡಿದೆ. ಆಮೇಲೆ ನಮ್ಮ ಓಣಿಯ ಮಿಸ್ತ್ರಿಯ ಬಳಿ ಹೋದೆ. ಮರಾಠಿಯವನು, ಮಾತು ಕಡಿಮೆ. ಗಾಡಿಯನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ನನ್ನನ್ನು ಹತ್ತಿಸಿ, ಕಣ್ಣು ಮುಚ್ಚಿ ಹ್ಯಾಂಡಲ್ ಹಿಡಿಯಲು ಹೇಳಿ, ಪಕ್ಕಕ್ಕೆ ನಿಂತು ಎರಡು ನಿಮಿಷ ನೋಡಿದ. "ಸಾಹೇಬರೇ, ನೋವು ಕೈಯಲ್ಲಿದೆ, ರೋಗ ಸೀಟಿನಲ್ಲಿದೆ," ಎಂದ.

ಅವನು ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ನನ್ನ ಸೀಟು ಮುಂದಕ್ಕೆ ಇಳಿಜಾರು. ಬ್ರೇಕು ಹಿಡಿದಾಗಲೆಲ್ಲ ಮೈ ಟ್ಯಾಂಕಿನ ಕಡೆ ಜಾರುತ್ತದೆ, ಜಾರದಂತೆ ಅಂಗೈಯಿಂದ ಹ್ಯಾಂಡಲನ್ನು ಒತ್ತಿ ಹಿಡಿಯುತ್ತೇನೆ. ಅದರ ಮೇಲೆ ತೊಂಬತ್ತರ ಗಾಳಿ ಎದೆಯನ್ನು ಹಿಂದಕ್ಕೆ ತಳ್ಳುತ್ತದೆ, ಬೀಳದಂತೆ ಅದೇ ಹ್ಯಾಂಡಲನ್ನು ಬಿಗಿಯಾಗಿ ಎಳೆದುಕೊಳ್ಳುತ್ತೇನೆ. ಬ್ರೇಕು, ಕ್ಲಚ್ಚಿನ ಲಿವರುಗಳು ಮೇಲೆದ್ದು ಕೂತಿವೆ, ಅವುಗಳ ಮೇಲೆ ಬೆರಳಿಡಲು ಮಣಿಕಟ್ಟು ಸದಾ ಹಿಂದಕ್ಕೆ ಬಾಗಿರುತ್ತದೆ. ಇಷ್ಟರ ಜೊತೆಗೆ ಒಂದೇ ಸಿಲಿಂಡರಿನ ನಡುಕ. ಬಾಗಿದ ಮಣಿಕಟ್ಟು, ಒತ್ತಿದ ಅಂಗೈ, ಎಡೆಬಿಡದ ನಡುಕ, ಮೂರೂ ಸೇರಿದರೆ ಬೆರಳಿಗೆ ಹೋಗುವ ನರ ಎಷ್ಟು ಹೊತ್ತು ತಾಳೀತು?

ಮೊದಲು ಅವನು ಮಾಡಿದ ಕೆಲಸಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಲಿವರುಗಳ ಹಿಡಿಕೆಯ ಬೋಲ್ಟುಗಳನ್ನು ಸಡಿಲಿಸಿ ಅವುಗಳನ್ನು ಕೆಳಕ್ಕೆ ತಿರುಗಿಸಿ ಬಿಗಿದ. ಕುಳಿತು ಕೈ ಚಾಚಿ ಬೆರಳು ಬಿಡಿಸಿದರೆ ಮೊಣಕೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರಬೇಕು, ಲಿವರು ಬೆರಳ ಕೆಳಗೇ ಬಂದು ಕೂರಬೇಕು. ಇಷ್ಟನ್ನು ನೀವು ಈ ಭಾನುವಾರವೇ ಮಾಡಿ ನೋಡಿ. ಪೇಟೆಯೊಳಗೆ ಆಫೀಸಿಗೆ ಹೋಗಿಬರುವವರಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಸೀಟಿನ ಕೆಲಸಕ್ಕೆ ನಾನಾ ಪೇಠಕ್ಕೆ ಕಳಿಸಿದ. ಪುಣೆಯವರಿಗೆ ಆ ಬೀದಿಗಳ ಪರಿಚಯ ಬೇಡ. ಹೊರಗಿನವರಿಗೆ ಹೇಳುವುದಾದರೆ ದ್ವಿಚಕ್ರ ವಾಹನಕ್ಕೆ ಬೇಕಾದದ್ದೆಲ್ಲ ಸಿಗುವ ಸಂತೆ ಅದು. ಸೀಟು ಹೊಲಿಯುವವನ ಬಳಿ, "ಮೆತ್ತಗೆ ಮಾಡಪ್ಪಾ, ಹಾಸಿಗೆಯ ಹಾಗೆ," ಎಂದೆ. ಅವನು ನಕ್ಕ. ಮೆತ್ತನೆಯ ಫೋಮು ಅಂಗಡಿಯಲ್ಲಿ ಕುಳಿತಾಗ ಮಾತ್ರ ಸುಖ. ಒಂದು ತಾಸಿನಲ್ಲಿ ಅದು ಪೂರಾ ಒತ್ತಿಹೋಗಿ ಕೆಳಗಿನ ತಗಡಿನ ಮೇಲೇ ಕುಳಿತಂತಾಗುತ್ತದೆ. ಗಟ್ಟಿ ಫೋಮು ಹಾಕಿ, ಮುಂದಿನ ಇಳಿಜಾರನ್ನು ತುಂಬಿ ಸಮಮಾಡಿ, ಹಿಂಬದಿ ಎರಡು ಬೆರಳಷ್ಟು ಅಗಲ ಮಾಡಿಕೊಟ್ಟ. ಕೂರುವ ಮೂಳೆಗಳ ಭಾರ ಹಂಚಿಹೋಗಲು ಆ ಅಗಲ ಬೇಕು. ಒಂದು ಗುಟ್ಟಿನ ಮಾತು: ಸೀಟಿನಷ್ಟೇ ಮುಖ್ಯ ಒಳ ಉಡುಪಿನ ಹೊಲಿಗೆ. ದಪ್ಪ ಹೊಲಿಗೆಯ ಚಡ್ಡಿ ಇನ್ನೂರು ಕಿಲೋಮೀಟರಿನ ಮೇಲೆ ಏನು ಮಾಡುತ್ತದೆಂಬುದನ್ನು ಸಭ್ಯ ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ಹ್ಯಾಂಡಲ್ ಎತ್ತರಿಸುವುದರಲ್ಲಿ ನಾನು ಎಡವಿದೆ. ಬೆನ್ನು ನೆಟ್ಟಗಾಗಲೆಂದು ಹ್ಯಾಂಡಲಿನ ಕೆಳಗೆ ಇಡುವ ಗಟ್ಟಿ ಅಲ್ಯೂಮಿನಿಯಂ ತುಂಡುಗಳು ಸಿಗುತ್ತವೆ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಮೂವತ್ತು ಮಿಲಿಮೀಟರಿನವನ್ನು ತಂದು ಹಾಕಿಸಿದೆ. ಓಣಿಯ ತುದಿಯಲ್ಲಿ ಹ್ಯಾಂಡಲ್ ಪೂರಾ ತಿರುಗಿಸಿದರೆ ಇಂಜಿನ್ನು ತಾನೇ ಗರ್ ಎಂದು ಏರಿತು! ಆಕ್ಸಿಲರೇಟರಿನ ಕೇಬಲ್ಲು ಉದ್ದ ಸಾಲದೆ ಎಳೆದುಕೊಂಡಿತ್ತು. ಇದೇ ಘಾಟಿಯ ತಿರುವಿನಲ್ಲಾಗಿದ್ದರೆ? ಮಿಸ್ತ್ರಿ ಅವನ್ನು ತೆಗೆದು ಇಪ್ಪತ್ತರವನ್ನು ಹಾಕಿ, ಕೇಬಲ್ಲುಗಳ ದಾರಿ ಬದಲಿಸಿದ. ಎತ್ತರಿಸಿದ ಮೇಲೆ ಇಂಜಿನ್ನು ಓಡುತ್ತಿರುವಾಗಲೇ ಎರಡೂ ಬದಿಗೆ ಪೂರಾ ತಿರುಗಿಸಿ ನೋಡಿ. ಇಂಜಿನ್ ಸದ್ದು ಬದಲಾಗಬಾರದು, ಬ್ರೇಕಿನ ಕೊಳವೆ ಬಿಗಿಯಬಾರದು.

ಇನ್ನು ಗಾಳಿ. ಬೆತ್ತಲೆ ಬೈಕಿನ ಮುಖ್ಯ ತಕರಾರೇ ಇದು. ಗಾಳಿಯ ತಳ್ಳುವಿಕೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ, ಎದೆಗೆ ತಾಗಿದ್ದು ಆಗಲೇ. ಅರವತ್ತರಲ್ಲಿ ಇದ್ದದ್ದು ಎಂಬತ್ತರಲ್ಲಿ ಒಂದೂ ಮುಕ್ಕಾಲು ಪಟ್ಟು, ತೊಂಬತ್ತರಲ್ಲಿ ಎರಡೂ ಕಾಲು ಪಟ್ಟು. ಎದುರುಗಾಳಿ ಬೀಸಿದರೆ ಅದನ್ನೂ ಕೂಡಿಸಿಕೊಳ್ಳಿ. ನಾನು ದೊಡ್ಡದೊಂದು ಪಾರದರ್ಶಕ ಗಾಳಿತಡೆ ತಂದು ಕಟ್ಟಿದೆ. ಎದೆಗೆ ಗಾಳಿ ನಿಂತಿತು. ಆದರೆ ಅದರ ಮೇಲಂಚಿನಿಂದ ಒಡೆದು ಬಂದ ಗಾಳಿ ನೇರ ಹೆಲ್ಮೆಟ್ಟಿಗೆ ಬಡಿದು, ತಲೆಯನ್ನು ಡೊಳ್ಳು ಬಾರಿಸಿದಂತೆ ಬಾರಿಸಿತು. ಸಾತಾರದವರೆಗೆ ಹೋಗಿ ಬರುವಷ್ಟರಲ್ಲಿ ಕಿವಿ ಗುಂಯ್ ಎನ್ನುತ್ತಿತ್ತು. ಕೊನೆಗೆ ಕಂಡುಕೊಂಡ ಪರೀಕ್ಷೆ ಇದು: ಹೋಗುತ್ತಿರುವಾಗ ಬೆನ್ನು ತುಸು ಎತ್ತಿ ನೋಡಿ. ಸದ್ದು, ಬಡಿತ ಕಡಿಮೆಯಾದರೆ ನಿಮ್ಮ ಗಾಳಿತಡೆ ಗಿಡ್ಡವಾಗಬೇಕು. ತಲೆ ತಗ್ಗಿಸಿದಾಗ ಕಡಿಮೆಯಾದರೆ ಎತ್ತರವಾಗಬೇಕು. ನನಗೆ ಗಿಡ್ಡದ್ದೇ ಸರಿಹೋಯಿತು. ಹೆಡ್‌ಲೈಟಿನ ಮೇಲೆ ಗೇಣುದ್ದದ ಸಣ್ಣದೊಂದು ಫಲಕ. ಎದೆಯ ಭಾರ ಇಳಿಯುತ್ತದೆ, ತಲೆಗೆ ಸಮನಾದ ಗಾಳಿ ಸಿಗುತ್ತದೆ. ಕಿವಿಗೆ ಮೆತ್ತನೆಯ ಫೋಮಿನ ಬಿರಡೆ. ಹಾಡು ಕೇಳುವ ಯಂತ್ರವಲ್ಲ, ಬರೀ ಬಿರಡೆ. ಆರು ತಾಸು ಗಾಳಿಯ ಮೊರೆತ ಕೇಳಿದವನಿಗೆ ಬರುವ ದಣಿವು ಎಂಥದೆಂಬುದು ಅದು ನಿಂತ ಮೇಲೇ ಗೊತ್ತಾಗುವುದು.

ಎಲ್ಲಕ್ಕಿಂತ ಅಗ್ಗದ ಗಾಳಿತಡೆಯೆಂದರೆ ನಿಧಾನ. ನಾಲ್ಕು ಪಥದ ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ಲಿಗೆ 80ರ ಮಿತಿ ಎಂದು 2018ರಲ್ಲಿ ಸರ್ಕಾರ ಗೊತ್ತುಮಾಡಿತು. ನನ್ನ ಗಾಡಿಯ ನಡುಕ ಅತ್ಯಂತ ಕಡಿಮೆ ಇರುವುದೂ ಎಪ್ಪತ್ತೈದು-ಎಂಬತ್ತರ ನಡುವೆಯೇ. ಪ್ರತಿ ಗಾಡಿಗೂ ಅಂಥದೊಂದು ನೆಮ್ಮದಿಯ ವೇಗವಿರುತ್ತದೆ, ಹುಡುಕಿಕೊಳ್ಳಬೇಕು. ಉಳಿದ ನಡುಕಕ್ಕೆ ಇಂಜಿನ್ ಹಿಡಿದಿರುವ ಬೋಲ್ಟುಗಳನ್ನು ಬಿಗಿ ಮಾಡಿಸಿದೆ, ಹ್ಯಾಂಡಲಿನ ತುದಿಗಳಿಗೆ ಭಾರದ ಗುಂಡು ಹಾಕಿಸಿದೆ, ಗ್ರಿಪ್ಪಿನ ಮೇಲೆ ಫೋಮಿನ ಹೊದಿಕೆ ತೊಡಿಸಿದೆ. ಕೈಯನ್ನು ಹಕ್ಕಿಮರಿ ಹಿಡಿದಂತೆ ಸಡಿಲ ಬಿಟ್ಟು, ಮೊಣಕಾಲಿನಿಂದ ಟ್ಯಾಂಕನ್ನು ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡೆ.

ಸಾಮಾನಿನ ವಿಷಯ ಚುಟುಕಾಗಿ ಹೇಳುತ್ತೇನೆ. ಬೆನ್ನಿಗೆ ಚೀಲ ಬೇಡ. ಆ ಭಾರವೆಲ್ಲ ಬೆನ್ನುಮೂಳೆಗೆ. ಎರಡೂ ಪಕ್ಕಕ್ಕೆ ಸಮತೂಕದ ಚೀಲ, ಭಾರದ್ದು ಕೆಳಗೆ ಮತ್ತು ಮುಂದೆ. ಎಡಕ್ಕೆ ಸೀರೆ ಗಾರ್ಡಿನ ಆಸರೆ ಇದೆ, ಬಲಕ್ಕೆ ಕಬ್ಬಿಣದ ಚೌಕಟ್ಟು ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಚೀಲ ಸೈಲೆನ್ಸರಿಗೆ ತಾಗಿ ಸುಡುತ್ತದೆ. ನಾನೊಂದು ಒಳ್ಳೆಯ ರೇನ್‌ಕೋಟು ಹೀಗೆ ಕಳೆದುಕೊಂಡೆ. ಹಿಂದಿನ ಕ್ಯಾರಿಯರ್ ಮೇಲೆ ಗುಡ್ಡದಂತೆ ಪೇರಿಸಿದರೆ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ತೂಗಾಡುತ್ತದೆ. ಇಬ್ಬರು ಕೂರುವಾಗ ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ಗಾಡಿಯೊಂದಿಗೆ ಬರುವ ಕೊಕ್ಕೆಯ ಪಾನಾದಿಂದ ಬಿಗಿ ಮಾಡಬೇಕೆಂಬುದು ನನಗೆ ಗೊತ್ತೇ ಇರಲಿಲ್ಲ. ನನ್ನದರಲ್ಲಿ ಐದು ಮೆಟ್ಟಿಲುಗಳಿವೆ. ಒಬ್ಬನೇ ಇದ್ದರೆ ಎರಡು, ಮನೆಯವರೂ ಚೀಲಗಳೂ ಇದ್ದರೆ ನಾಲ್ಕು. ಮೊದಲ ಸಲ ಎದುರಿನ ಲಾರಿಯವರೆಲ್ಲ ಡಿಪ್ಪರ್ ಹೊಡೆದು ಬೈದದ್ದು ಯಾಕೆಂದು ಆಗ ಹೊಳೆಯಿತು. ಹಿಂಭಾಗ ಕುಗ್ಗಿ ನನ್ನ ದೀಪ ಅವರ ಕಣ್ಣಿಗೇ ಹೊಡೆಯುತ್ತಿತ್ತು. ಟೈರಿನ ಗಾಳಿಯನ್ನೂ ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಿ, ಇಬ್ಬರ ಲೆಕ್ಕಕ್ಕೆ ಏರಿಸಿಕೊಳ್ಳಬೇಕು. ಎಷ್ಟು ಎಂಬುದು ಗಾಡಿಯ ಪುಸ್ತಕದಲ್ಲೇ ಇರುತ್ತದೆ. ನಾವು ಆ ಪುಸ್ತಕವನ್ನು ಆರ್‌ಸಿ ಜೊತೆ ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತೇವೆ.

ಆ ವರ್ಷ ದಸರೆಗೆ ಒಬ್ಬನೇ ಹೊರಟೆ. ಕಾತ್ರಜಿನ ಸುರಂಗ ದಾಟುವಾಗ ಇನ್ನೂ ಕತ್ತಲೆ. ಖಂಬಾಟಕಿ ಘಾಟಿಯನ್ನು ಹತ್ತಿ ಇಳಿಯುವಾಗ ಬೆಳಕಾಯಿತು. ಮೊದಲಿನ ಪ್ರವಾಸದಲ್ಲಿ ನನಗೆ ದಾರಿ ಕಂಡಿರಲೇ ಇಲ್ಲ, ನೋವು ಮಾತ್ರ ಕಂಡಿತ್ತು. ಈ ಸಲ ನದಿಗಳು ಒಂದೊಂದಾಗಿ ಕಾಣಿಸಿದವು. ಕಾಣಿಸಿದವು ಎನ್ನುವುದಕ್ಕಿಂತ ಮೈಗೆ ತಾಗಿದವು. ಬಯಲಿನಲ್ಲಿ ಬಿಸಿಯಾಗುತ್ತಿದ್ದ ಗಾಳಿ ಒಮ್ಮೆಲೇ ತಂಪಾದರೆ ಮುಂದೆ ಸೇತುವೆ ಇದೆಯೆಂದೇ ಅರ್ಥ. ನೀರಾ, ಕರಾಡಿನಲ್ಲಿ ಕೋಯ್ನಾ, ಆಮೇಲೆ ವಾರಣಾ, ಕೊಲ್ಹಾಪುರದ ಹೊರಗೆ ಪಂಚಗಂಗಾ, ಗಡಿಯ ಬಳಿ ದೂಧಗಂಗಾ, ನಿಪ್ಪಾಣಿಗೆ ಮುಂಚೆ ವೇದಗಂಗಾ, ಸಂಕೇಶ್ವರದಲ್ಲಿ ಹಿರಣ್ಯಕೇಶಿ, ಬಳಿಕ ಘಟಪ್ರಭಾ, ಬೆಳಗಾವಿ ದಾಟಿ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ. ಇವುಗಳಲ್ಲಿ ಕೆಲವು 2019ರ ಆಗಸ್ಟಿನಲ್ಲಿ ಉಕ್ಕಿ ಹೆದ್ದಾರಿಯನ್ನೇ ದಿನಗಟ್ಟಲೆ ಮುಚ್ಚಿಸಿದ್ದು ನಿಮಗೆ ನೆನಪಿರಬಹುದು. ಎ.ಸಿ. ಬಸ್ಸಿನೊಳಗೆ ಮಲಗಿ ಹೋಗುವವರಿಗೆ ಅವು ಬೋರ್ಡಿನ ಮೇಲಿನ ಹೆಸರು, ಅದೂ ಎಚ್ಚರವಿದ್ದರೆ.

ಪ್ರತಿ ಎಂಬತ್ತು-ನೂರು ಕಿಲೋಮೀಟರಿಗೆ ಒಮ್ಮೆ ದಣಿವಾಗಲಿ ಬಿಡಲಿ ನಿಲ್ಲಿಸಿದೆ. ಇದು ನನ್ನ ಖಡ್ಡಾಯದ ನಿಯಮ. ದಣಿದ ಮೇಲೆ ನಿಲ್ಲಿಸಿದರೆ ಆ ದಣಿವು ಮತ್ತೆ ಇಳಿಯುವುದಿಲ್ಲ. ಐದು ನಿಮಿಷ ಅಡ್ಡಾಡಿ, ನೀರು ಕುಡಿದು, ಬೆರಳು ಮಡಚಿ ಬಿಡಿಸಿ, ಮತ್ತೆ ಹೊರಡುವುದು. ಗಾಳಿ ಬೆವರನ್ನು ಕೂಡಲೇ ಒಣಗಿಸುವುದರಿಂದ ಬಾಯಾರಿಕೆ ತಿಳಿಯುವುದಿಲ್ಲ, ತಲೆನೋವು ಬಂದಾಗಲೇ ನೀರಿನ ನೆನಪು. ಬೆಳಗಿನ ಚಳಿಗೆ ಜಾಕೀಟಿನೊಳಗೆ ಎದೆಗೆ ಮಡಚಿಟ್ಟ ಹಳೆಯ ದಿನಪತ್ರಿಕೆ. ಈ ಉಪಾಯ ನಮ್ಮ ಹಿಂದಿನ ಸ್ಕೂಟರಿನವರದು, ಇದನ್ನು ಮೀರಿಸಿದ್ದು ನಾನಾ ಪೇಠದಲ್ಲೂ ಸಿಗಲಿಲ್ಲ. ಬಿಸಿಲೇರಿದ ಮೇಲೆ ಅದನ್ನೇ ಕಿತ್ತೂರಿನ ಬಳಿ ಮರದಡಿ ಹಾಸಿ ಬುತ್ತಿ ಬಿಚ್ಚಿದೆ.

ತವಂದಿ ಘಾಟಿಯ ಮಾತು ಬಿಟ್ಟೆ. ಹೋಗುವಾಗ ಅದು ಏರು, ಭಯವಿಲ್ಲ. ಆದರೂ ಆ ತಿರುವಿನಲ್ಲಿ ಗಾಡಿ ಬದಿಗೆ ಹಾಕಿ ಕೈಗವಸು ತೆಗೆದು ಹತ್ತೂ ಬೆರಳನ್ನು ಒಂದೊಂದಾಗಿ ಹೆಬ್ಬೆರಳಿಗೆ ತಾಗಿಸಿ ನೋಡಿದೆ. ಎಲ್ಲವೂ ನನ್ನವೇ ಆಗಿದ್ದವು. ದಾರಿಹೋಕನೊಬ್ಬ ಇವನೇನು ಜಪ ಮಾಡುತ್ತಿದ್ದಾನೋ ಎಂಬಂತೆ ನೋಡಿಕೊಂಡು ಹೋದ.

ಹುಬ್ಬಳ್ಳಿ ದಾಟಿ ಅಣ್ಣಿಗೇರಿಯ ಕಡೆ ತಿರುಗಿದರೆ ಎರೆಭೂಮಿಯ ಬಯಲು, ಅಡ್ಡಗಾಳಿಯ ಸಾಮ್ರಾಜ್ಯ. ಪಂಪನ ಹೆಸರಿನೊಡನೆ ತಳುಕು ಹಾಕಿಕೊಂಡ ಊರು, ಅಮೃತೇಶ್ವರನ ಗುಡಿ, ಇವಕ್ಕೆಲ್ಲ ಕೈ ಮುಗಿಯಿರಿ. ಆದರೆ ಆ ರಸ್ತೆಯ ಮೇಲೆ ಹ್ಯಾಂಡಲಿನಿಂದ ಕೈ ತೆಗೆದಲ್ಲ! ಲಾರಿಯ ಮರೆಯಿಂದ ಹೊರಬಂದ ಕ್ಷಣ ಗಾಳಿ ಪಕ್ಕದಿಂದ ಗುದ್ದುತ್ತದೆ. ಬಿಗಿ ಹಿಡಿದಷ್ಟೂ ಗಾಡಿ ಅಲ್ಲಾಡುತ್ತದೆ. ವೇಗ ಇಳಿಸಿ, ಕೈ ಸಡಿಲಿಸಿ, ಮೊಣಕಾಲು ಬಿಗಿದರೆ ಅದೇ ನೆಟ್ಟಗಾಗುತ್ತದೆ. ಗದಗು ದಾಟಿ ಕಪ್ಪತಗುಡ್ಡದ ಸಾಲು ಕಂಡರೆ ಅಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ವಿದ್ಯುತ್ತಿನವರು ಗಾಳಿಯನ್ನು ಹುಡುಕಿಕೊಂಡು ಬಂದ ಊರು ನಮ್ಮದು. ಆಷಾಢದಲ್ಲಿ ಅವ್ವ ಜಗಲಿಯ ಮೇಲೆ ಶಾವಿಗೆ ಒಣಹಾಕಲೂ ಆಗುವುದಿಲ್ಲ.

2018ರ ಯುಗಾದಿಗೆ ಮುಂಚೆ ಒಂದು ದಿನ ಮನೆಯವರು ತಾವಾಗಿ ಬಂದು ಗಾಡಿಯ ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು. ಅವರ ದೂರುಗಳು ಬೇರೆಯೇ ಇದ್ದವು, ನಾನು ಅವರನ್ನು ಕೇಳಿಯೇ ಇರಲಿಲ್ಲ. ನಡುವೆ ಇಟ್ಟ ಚೀಲ ಹೊಟ್ಟೆಗೆ ಒತ್ತುತ್ತದೆ, ಹಿಂದಕ್ಕೆ ಆಸರೆಯಿಲ್ಲ, ಬ್ರೇಕು ಹಿಡಿದಾಗ ನನ್ನ ಹೆಲ್ಮೆಟ್ಟಿಗೆ ಅವರ ಹೆಲ್ಮೆಟ್ಟು ಬಡಿಯುತ್ತದೆ, ಕೂಗಿದರೆ ನನಗೆ ಕೇಳಿಸುವುದಿಲ್ಲ. ಬೆನ್ನಿಗೆ ಆಸರೆ ಹಾಕಿಸಿದೆ, ಚೀಲ ಪಕ್ಕಕ್ಕೆ ಹೋಯಿತು. ಮಾತಿಗೆ ಬದಲು ಸನ್ನೆ ಗೊತ್ತುಮಾಡಿಕೊಂಡೆವು. ಭುಜಕ್ಕೆ ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ನಿಲ್ಲಿಸುವ ಹಕ್ಕು ಅವರದು, ಪ್ರಶ್ನೆ ಕೇಳುವಂತಿಲ್ಲ. "ಕಬ್ಬಿನ ಹಂಗಾಮು ಮುಗದ ಮ್ಯಾಲ ಹೋಗೂಣು," ಎಂದರು. ಬೆಳಗಾವಿಯಲ್ಲಿ ರಾತ್ರಿ ಉಳಿದೆವು. ಇಬ್ಬರಿದ್ದರೆ ಎರಡು ದಿನದ ದಾರಿ ಎಂದೇ ನಾನು ಈಗ ಎಲ್ಲರಿಗೂ ಹೇಳುವುದು. ಒಂದು ದಿನದಲ್ಲಿ ಮುಟ್ಟಿದೆವು ಎಂಬ ಹೆಮ್ಮೆಗೆ ಕುಂದಾದ ರುಚಿ ಇಲ್ಲ. ದಾರಿಯುದ್ದಕ್ಕೂ ನನ್ನ ಭುಜಕ್ಕೆ ಏಳು ಸಲ ಪೆಟ್ಟು ಬಿತ್ತು. ಅದರಲ್ಲಿ ಐದು ಚಹಕ್ಕೆ.

ಮರುದಿನ ಮಧ್ಯಾಹ್ನ ಜಗಲಿಯ ಮುಂದೆ ಗಾಡಿ ನಿಲ್ಲಿಸಿದಾಗ ಅವ್ವ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದಿದ್ದಳು. ಕೋಲನ್ನು ಕಂಬಕ್ಕೆ ಆನಿಸಿ ಎರಡೂ ಕೈಯನ್ನು ನನ್ನ ಗದ್ದದ ಕಡೆ ಎತ್ತಿದಳು. ಅಷ್ಟರಲ್ಲಿ ನಾನು ಬಕ್ಕಲ್ ಬಿಚ್ಚಿಕೊಂಡಾಗಿತ್ತು. "ಈಗ ಬರತೈತೇನ?" ಎಂದು ಕೈ ಇಳಿಸಿ, ಸೊಸೆಯ ಕಡೆ ತಿರುಗಿದಳು.